ಟೆನಿಸ್ ಆಡದವರ ಟೆನಿಸ್ ಎಲ್ಬೋ

ಮೊಣಕೈ ನೋವು ಅಂತ ನಂದಿಗುಡಿಯಲ್ಲಿ ಯಾರ ಹತ್ತಿರವಾದ್ರೂ ಹೇಳಿ ನೋಡಿ, ನಿಮ್ಮನ್ನ ಬರಿಗೈಲಿ ಕಳಿಸೋದಿಲ್ಲ. ಒಬ್ಬರು ಉಳುಕು ಅಂತಾರೆ. ಇನ್ನೊಬ್ಬರು ವಾಯು ಅಂತಾರೆ. ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯಿಸಿ ತಿಕ್ಕು ಅಂತ ಒಬ್ಬರು, ತಿಕ್ಕಲೇಬೇಡ ಬಿಸಿ ಉಪ್ಪಿನ ಶಾಖ ಕೊಡು ಅಂತ ಇನ್ನೊಬ್ಬರು. ಉಕ್ಕಡಗಾತ್ರಿ ಅಜ್ಜಯ್ಯಗೆ ಒಂದು ಕಾಯಿ ಒಡೆಸಿಕೊಂಡು ಬಾ, ಎಲ್ಲ ಸರಿ ಹೋಗ್ತೈತೆ ಅನ್ನೋದು ಹಿರಿಯರ ಮಾತು. ಗ್ರೌಂಡಿನ ಹುಡುಗರದ್ದು ಒಂದೇ ಮದ್ದು: "ಅಣ್ಣಾ, ಸ್ಪ್ರೇ ಹೊಡ್ಕೊಳ್ರಿ, ಇನ್ನೊಂದ್ ಓವರ್ ಹಾಕ್ರಿ." ಇತ್ತ ಆಫೀಸಿನವರು ವಿಡಿಯೋ ಕಾಲ್‌ನಲ್ಲಿ ನನ್ನ ಕೈಪಟ್ಟಿ ನೋಡಿ, ಮೌಸ್ ಬದಲಾಯಿಸು ಅಂತ ಲಿಂಕ್ ಕಳಿಸಿದ್ರು.

ತಮಾಷೆ ಏನಂದ್ರೆ ಇಷ್ಟೂ ಜನ ಒಂದೇ ಜಾಗದ ಬಗ್ಗೆ ಮಾತಾಡ್ತಿದ್ರು. ಮೊಣಕೈಯ ಹೊರಮಗ್ಗುಲಲ್ಲಿ ಒಂದು ಮೂಳೆ ಉಬ್ಬಿಕೊಂಡಿರುತ್ತಲ್ಲ, ಅದರಿಂದ ಅರ್ಧ ಬೆರಳು ಕೆಳಗೆ. ರೂಪಾಯಿ ನಾಣ್ಯ ಇಟ್ಟರೆ ಮುಚ್ಚಿಹೋಗುವಷ್ಟು ಜಾಗ. ಅಷ್ಟು ಜಾಗ ನೋಯ್ತಿದ್ರೆ ಟೀ ಲೋಟ ಎತ್ತೋದೂ ಒಂದು ಕೆಲಸವೇ.

ನಾನು ಬೌಲಿಂಗ್ ಶುರು ಮಾಡಿದ್ದು ಮೂವತ್ತನಾಲ್ಕಕ್ಕೆ. ಆ ವಯಸ್ಸಿಗೆ ಬೌಲರ್‌ಗಳು ರಿಟೈರ್ ಆಗ್ತಾರೆ, ಗೊತ್ತು. ಶಾಲೆಯಲ್ಲಿ ನಾನು ಬೌಂಡರಿ ಆಚೆ ಗದ್ದೆಗೆ ಬಿದ್ದ ಚೆಂಡು ಹುಡುಕಿ ತರೋ ಹುಡುಗ. ದಾವಣಗೆರೆಯಲ್ಲಿ ಬಿಇ ಮಾಡುವಾಗ ಹೈಸ್ಕೂಲ್ ಮೈದಾನದಲ್ಲಿ ಹೊನಲು ಬೆಳಕಿನ ಟೆನಿಸ್ ಬಾಲ್ ಟೂರ್ನಮೆಂಟ್ ನಡೆದ್ರೆ, ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ರಾತ್ರಿ ಹನ್ನೆರಡರ ತನಕ ನೋಡಿದವನೇ ಹೊರತು ಆಡಿದವನಲ್ಲ. ಆಮೇಲೆ ಬೆಂಗಳೂರು, ಆಫೀಸು, ಕ್ಯಾಬು. ಈಗ ಕಂಪನಿಯಲ್ಲಿ ತಿಂಗಳಿಗೆ ಎರಡು ವಾರ ಮನೆಯಿಂದ ಕೆಲಸ ಮಾಡಬಹುದು ಅಂತಾದ ಮೇಲೆ ಆ ಎರಡು ವಾರ ಊರಲ್ಲೇ ಇರ್ತೀನಿ. ಸಂಜೆ ಐದಕ್ಕೆ ಲ್ಯಾಪ್‌ಟಾಪ್ ಮುಚ್ಚಿದ್ರೆ, ಏಳಕ್ಕೆ ಅಮೆರಿಕದವರು ಕಾಲ್‌ಗೆ ಬರೋ ತನಕ ಎರಡು ಗಂಟೆ ನನ್ನದು. ಹುಡುಗರಿಗೆ ಒಬ್ಬ ಆಳು ಕಮ್ಮಿ ಇದ್ದ. ಬ್ಯಾಟಿಂಗ್ ಎಲ್ಲರಿಗೂ ಬೇಕು, ಬೌಲಿಂಗ್ ಯಾರಿಗೂ ಬೇಡ. ಹಾಗೆ ಚೆಂಡು ನನ್ನ ಕೈಗೆ ಬಂತು.

ಬಂದ ಮೇಲೆ ಬಿಡೋಕೆ ಮನಸ್ಸಾಗಲಿಲ್ಲ. ಎಂಟು ಹೆಜ್ಜೆ ಓಡಿ ಬಂದು ಕೈ ತಿರುಗಿಸಿ, ಚೆಂಡು ಹೇಳಿದ ಜಾಗದಲ್ಲಿ ಬಿದ್ದು ಸ್ಟಂಪ್ ಆಗಿ ಇಟ್ಟಿದ್ದ ಕಬ್ಬಿಣದ ಖುರ್ಚಿಗೆ ಟಣ್ ಅಂತ ಬಡಿಯೋ ಸುಖ ಇದೆಯಲ್ಲ, ಹನ್ನೆರಡು ವರ್ಷ ಬರೆದ ಕೋಡ್‌ನಲ್ಲಿ ನನಗೆ ಸಿಕ್ಕಿಲ್ಲ. ಮೇಲಾಗಿ ನಮ್ಮ ರಾಜ್ಯದಲ್ಲಿ ಬಿಇ ಓದಿದವರು ಬೌಲಿಂಗ್ ಮಾಡೋದು ಒಂದು ಪರಂಪರೆ. ಪ್ರಸನ್ನ ಮೈಸೂರಲ್ಲಿ ಎಂಜಿನಿಯರಿಂಗ್ ಓದಿದವರು, 189 ಟೆಸ್ಟ್ ವಿಕೆಟ್. ಶ್ರೀನಾಥ್ ಕೂಡ ಮೈಸೂರಲ್ಲೇ ಎಂಜಿನಿಯರಿಂಗ್, 236 ವಿಕೆಟ್. ಕುಂಬ್ಳೆ ಬೆಂಗಳೂರಿನ ಆರ್‌ವಿ ಕಾಲೇಜಲ್ಲಿ ಮೆಕ್ಯಾನಿಕಲ್, 619 ವಿಕೆಟ್. ಇನ್ನು ನಮ್ಮ ಜಿಲ್ಲೆಯವರೇ ಆದ ವಿನಯ್ ಕುಮಾರ್, 'ದಾವಣಗೆರೆ ಎಕ್ಸ್‌ಪ್ರೆಸ್', 2013–14 ಮತ್ತು 2014–15ರಲ್ಲಿ ಸತತ ಎರಡು ಸಲ ರಣಜಿ ಟ್ರೋಫಿ ಗೆದ್ದ ಕರ್ನಾಟಕ ತಂಡದ ನಾಯಕ. ಇವರ ಸಾಲಲ್ಲಿ ನನ್ನ ಲೆಕ್ಕ: ಎರಡು ತಿಂಗಳಲ್ಲಿ ಖುರ್ಚಿಗೆ 41 ಸಲ, ಖುರ್ಚಿ ಹಿಂದಿನ ಸೈಕಲ್‌ಗೆ 9 ಸಲ.

ಮೂರನೇ ತಿಂಗಳಲ್ಲಿ ಮೊಣಕೈ ಮಾತಾಡೋಕೆ ಶುರು ಮಾಡ್ತು. ಮೊದಲು ಆಟ ಮುಗಿದ ಮೇಲೆ ಮಾತ್ರ ಸಣ್ಣಗೆ ಜುಂ ಅನ್ನೋದು. ಆಮೇಲೆ ಬೆಳಿಗ್ಗೆ ಎದ್ದಾಗ. ಆಮೇಲೆ ಬಾಗಿಲ ಚಿಲಕ ತಿರುಗಿಸುವಾಗ, ಒದ್ದೆ ಟವೆಲ್ ಹಿಂಡುವಾಗ, ಬೈಕಿನ ಆಕ್ಸಿಲರೇಟರ್ ಹಿಡಿದಾಗ. ಕೊನೆಗೆ ಒಂದು ದಿನ ನೀರು ತುಂಬಿದ ತಂಬಿಗೆ ಎತ್ತಿದ್ರೆ ಕೈ ತಾನಾಗೇ ಬಿಟ್ಟುಬಿಡ್ತು. ಶಕ್ತಿ ಇಲ್ಲ ಅಂತ ಅಲ್ಲ, ಹಿಡಿತ ಬಿಗಿ ಮಾಡಿದ ತಕ್ಷಣ ನೋವು ಬಂದು ಬೆರಳು ಸಡಿಲ ಮಾಡಿಸೋದು.

ದಾವಣಗೆರೆಯ ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ ಹೋದೆ. ನನಗಿಂತ ಚಿಕ್ಕವರು. ಎಕ್ಸ್‌ರೇ ಕೇಳಲಿಲ್ಲ. ಕೈ ನೇರ ಚಾಚಿ, ಅಂಗೈ ಕೆಳಗೆ ಮಾಡಿ, ಮುಷ್ಟಿ ಹಿಡಿದು ಮಣಿಕಟ್ಟು ಮೇಲಕ್ಕೆತ್ತಿ ಅಂದ್ರು. ಎತ್ತಿದಾಗ ಅವರು ಎರಡೇ ಬೆರಳಲ್ಲಿ ಕೆಳಗೆ ಒತ್ತಿದ್ರು. ಅಷ್ಟಕ್ಕೇ ನಾನು ಕುರ್ಚಿಯಿಂದ ಎದ್ದೆ. "ಟೆನಿಸ್ ಎಲ್ಬೋ" ಅಂದ್ರು. ನಾನು ಟೆನಿಸ್ ರಾಕೆಟ್ ಮುಟ್ಟಿಲ್ಲ ಸರ್ ಅಂದೆ. "ಇಲ್ಲಿಗೆ ಬರೋರಲ್ಲಿ ಯಾರೂ ಮುಟ್ಟಿರಲ್ಲ" ಅಂದ್ರು.

ಅಲ್ಲಿಂದ ಈ ನೋವಿನ ಜಾತಕ ಹುಡುಕೋಕೆ ಕೂತೆ. ನಮ್ಮ ವೃತ್ತಿಯವರಿಗೆ ಎರರ್ ಮೆಸೇಜ್ ಬಂದ ಕೂಡಲೇ ಹುಡುಕೋ ಚಟ ಇರುತ್ತಲ್ಲ, ಹಾಗೆ. ಸಿಕ್ಕಿದ್ದು ಸ್ವಾರಸ್ಯವಾಗಿತ್ತು. ಇದನ್ನ ಮೊದಲು ವೈದ್ಯಕೀಯ ಬರಹದಲ್ಲಿ ದಾಖಲಿಸಿದ್ದು 1873ರಲ್ಲಿ, ರುಂಗೆ ಅನ್ನೋ ಜರ್ಮನ್ ವೈದ್ಯ. ಅವರು ಬರೆದದ್ದು ಆಟಗಾರರ ಬಗ್ಗೆ ಅಲ್ಲವೇ ಅಲ್ಲ, ದಿನವಿಡೀ ಲೇಖನಿ ಹಿಡಿದು ಬರೆಯೋರ ಕೈ ನೋವಿನ ಬಗ್ಗೆ. ಹತ್ತು ವರ್ಷದ ಒಳಗೆ ಇಂಗ್ಲೆಂಡಿನಲ್ಲಿ ಲಾನ್ ಟೆನಿಸ್ ಹುಚ್ಚು ಹಬ್ಬಿತು, ಅಲ್ಲಿನ ವೈದ್ಯರ ಪತ್ರಿಕೆಗಳಲ್ಲಿ 'ಲಾನ್ ಟೆನಿಸ್ ಕೈ' ಅಂತ ಹೆಸರು ಬಂತು. ಗುಮಾಸ್ತರ ನೋವಿಗೆ ಸಾಹೇಬರ ಆಟದ ಹೆಸರು ಅಂಟಿಕೊಂಡಿದ್ದು ಹೀಗೆ. ನಮ್ಮ ದೇಶದಲ್ಲಿ ಈ ಹೆಸರು ಮನೆಮಾತಾಗಿದ್ದು 2004ರಲ್ಲಿ, ಸಚಿನ್ ತೆಂಡೂಲ್ಕರ್ ಇದೇ ನೋವಿಂದ ಪಂದ್ಯಗಳನ್ನ ತಪ್ಪಿಸಿಕೊಂಡಾಗ. 2005ರಲ್ಲಿ ಲಂಡನ್ನಿನಲ್ಲಿ ಅವರಿಗೆ ಶಸ್ತ್ರಚಿಕಿತ್ಸೆ ಆಯ್ತು. ಆಗ ನಮ್ಮೂರಲ್ಲೂ ಕೈ ನೋವು ಅಂದವರಿಗೆಲ್ಲ "ಏನಲೇ, ಸಚಿನ್ ಆಗಿಯಾ?" ಅಂತ ಕಿಚಾಯಿಸ್ತಿದ್ರು.

ಒಳಗೆ ಆಗೋದು ಇಷ್ಟು. ಮಣಿಕಟ್ಟನ್ನ ಮೇಲಕ್ಕೆತ್ತೋ ಸ್ನಾಯುಗಳು ಮುಂಗೈ ಉದ್ದಕ್ಕೂ ಇವೆ. ಅವು ಮೇಲ್ತುದಿಯಲ್ಲಿ ಒಟ್ಟಾಗಿ ಆ ನಾಣ್ಯದಷ್ಟು ಜಾಗದಲ್ಲಿ ಮೂಳೆಗೆ ಕಟ್ಟಿಕೊಂಡಿವೆ. ಆ ಕಟ್ಟೇ ಟೆಂಡನ್, ನಮ್ಮ ಭಾಷೆಯಲ್ಲಿ ಹುರಿ ಅನ್ನಿ. ನೀವು ಏನನ್ನಾದ್ರೂ ಗಟ್ಟಿಯಾಗಿ ಹಿಡಿದಾಗ ಬೆರಳು ಮಡಚೋ ಸ್ನಾಯುಗಳ ಜೊತೆಗೆ ಇವೂ ಕೆಲಸ ಮಾಡ್ತವೆ, ಇಲ್ಲದಿದ್ರೆ ಮಣಿಕಟ್ಟು ಮುಂದಕ್ಕೆ ಬಾಗಿ ಹಿಡಿತ ತಪ್ಪುತ್ತೆ. ಅಂದ್ರೆ ಹಿಡಿದಷ್ಟೂ ಈ ಹುರಿ ಜಗ್ಗುತ್ತೆ. ದಿನಾ ಜಗ್ಗಿ, ರಿಪೇರಿ ಆಗೋಕೆ ಸಮಯ ಸಿಗದೇ ಹೋದ್ರೆ ಅದರ ಎಳೆಗಳು ಅಸ್ತವ್ಯಸ್ತ ಆಗ್ತವೆ. ತುಂಬಾ ದಿನ ಇದನ್ನ ಉರಿಯೂತ ಅಂತಲೇ ತಿಳಿದಿದ್ರು. ಹಳೇ ನೋವಿನ ಟೆಂಡನ್ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಉರಿಯೂತದ ಕಣಗಳಿಗಿಂತ ಸವೆದ, ಗಂಟುಗಂಟಾದ ಎಳೆಗಳೇ ಕಂಡವು.

ಹಾಗಾದ್ರೆ ಬೌಲರ್‌ಗೆ ಯಾಕೆ? ನಿಯಮದ ಪ್ರಕಾರ ಬೌಲಿಂಗ್‌ನಲ್ಲಿ ಮೊಣಕೈಗೆ ಕೆಲಸ ಕಮ್ಮಿ. 2005ರಿಂದ ಐಸಿಸಿ 15 ಡಿಗ್ರಿ ತನಕ ಮಾತ್ರ ಕೈ ನೇರ ಆಗೋಕೆ ಬಿಡುತ್ತೆ. ಭಾರ ಎಲ್ಲ ಭುಜ, ಬೆನ್ನು, ಸೊಂಟದ ಮೇಲೆ. ಶ್ರೀನಾಥ್, ಕುಂಬ್ಳೆ ಇಬ್ಬರೂ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡದ್ದು ಭುಜಕ್ಕೆ, ಮೊಣಕೈಗೆ ಅಲ್ಲ. ಆದ್ರೆ ಹೊಸಬರ ಕಥೆ ಬೇರೆ. ಹೊಸಬ ಚೆಂಡನ್ನ ಬೆರಳ ತುದಿಯಲ್ಲಿ ಹಿಡಿಯಲ್ಲ, ಅಂಗೈಗೆ ಒತ್ತಿ ಮುಷ್ಟಿ ಹಾಕ್ತಾನೆ. ಲೆದರ್ ಬಾಲ್ 156ರಿಂದ 163 ಗ್ರಾಂ, ಟೆನಿಸ್ ಬಾಲ್ 60 ಗ್ರಾಂ ಕೂಡ ಇಲ್ಲ. ಹಗುರ ಚೆಂಡಿಗೆ ವೇಗ ಕೊಡಬೇಕು ಅಂದ್ರೆ ಕೊನೇ ಕ್ಷಣದಲ್ಲಿ ಮಣಿಕಟ್ಟಿನಿಂದ ಝಾಡಿಸಬೇಕು. ಅದರ ಮೇಲೆ ಬೌಂಡರಿಯಿಂದ ಥ್ರೋ. ಇಷ್ಟೂ ಆದ ಮೇಲೆ ರಾತ್ರಿ ಹತ್ತರ ತನಕ ಮೌಸ್, ಮಣಿಕಟ್ಟು ಮೇಲೆತ್ತಿಕೊಂಡೇ. ರುಂಗೆ ಸಾಹೇಬರ ಗುಮಾಸ್ತನೂ ನಾನೇ, ನಂದಿಗುಡಿ ಬೌಲರೂ ನಾನೇ.

ಒಳಮಗ್ಗುಲು ನೋವಾದ್ರೆ ಅದು ಇದರ ಅಣ್ಣತಮ್ಮ, ಅದಕ್ಕೆ ಗಾಲ್ಫರ್ಸ್ ಎಲ್ಬೋ ಅಂತ ಇನ್ನೊಂದು ಸಾಹೇಬರ ಹೆಸರು. ಜೋರಾಗಿ ಥ್ರೋ ಮಾಡೋರಿಗೆ, ಬೆರಳಿಂದ ಕಟರ್ ತಿರುಗಿಸೋರಿಗೆ ಅದು ಹೆಚ್ಚು.

ಇಷ್ಟನ್ನೂ ನಾನು ಒಂದು ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ವಿವರಿಸ್ತಾ ಇದ್ದೆ. ಅವ್ವ ಒಲೆ ಮುಂದೆ ರೊಟ್ಟಿ ಬಡೀತಾ ಇದ್ಲು. ಮಾತು ಮುಗಿಯೋ ತನಕ ಕೇಳಿ, ಹಿಟ್ಟಿನ ಕೈಯಲ್ಲೇ ತನ್ನ ಬಲ ಮೊಣಕೈ ಮುಟ್ಟಿ ತೋರಿಸಿದ್ಲು. "ಇಲ್ಲೇನಲೇ? ನಂಗೂ ಇಲ್ಲೇ ನೋಯ್ತೈತೆ. ಎರಡು ವರ್ಷಾತು."

ಮೊಣಕೈಯ ಆ ಕಪ್ಪು ಚರ್ಮದ ಮೇಲೆ ಹಿಟ್ಟಿನ ಬೆರಳಚ್ಚು ಬಿತ್ತು. ಅರ್ಧ ಬೆರಳು ಕೆಳಗೆ, ನಾಣ್ಯದಷ್ಟು ಜಾಗ.

ಅವ್ವನ ದಿನ ಹೇಳ್ತೀನಿ ಕೇಳಿ. ಬೆಳಿಗ್ಗೆ ಐದೂವರೆಗೆ ಎಮ್ಮೆ ಹಿಂಡ್ತಾಳೆ, ಸಂಜೆ ಮತ್ತೆ. ಎರಡು ಹೊತ್ತು ಸೇರಿ ಆರು ಏಳು ಲೀಟರ್. ಒಂದು ಹೊತ್ತಿಗೆ ನೂರಾರು ಸಲ ಮುಷ್ಟಿ ಬಿಗಿದು ಬಿಡಬೇಕು. ಹದಿನೈದು ರೊಟ್ಟಿಗೆ ಹಿಟ್ಟು ನಾದೋದು, ಬಡಿಯೋದು. ಬಟ್ಟೆ ಹಿಂಡೋದು. ಭತ್ತದ ಗದ್ದೆಯಲ್ಲಿ ಕಳೆ ಕೀಳೋ ಕಾಲಕ್ಕೆ ಕಳೆ. ಅಡಿಕೆ ಕೊಯ್ಲಿನ ಹೊತ್ತಿಗೆ ನೆಂಟರ ಮನೇಲಿ ಅಡಿಕೆ ಸುಲಿಯೋಕೆ ಕೈ ಸೇರಿಸ್ತಾಳೆ, ಕತ್ತಿಗೆ ಒತ್ತಿ ಒತ್ತಿ ಸಿಪ್ಪೆ ಬಿಡಿಸಬೇಕು. ನಾನು ವಾರಕ್ಕೆ ನಾಲ್ಕು ಸಂಜೆ ಚೆಂಡು ಎಸೆದು ಟೆನಿಸ್ ಎಲ್ಬೋ ಬಂತು ಅಂತ ದಾವಣಗೆರೆಗೆ ಹೋದವನು. ಅವಳು ಮೂವತ್ತೈದು ವರ್ಷದಿಂದ ದಿನಕ್ಕೆ ಎರಡು ಸ್ಪೆಲ್ ಹಾಕ್ತಾ ಇದಾಳೆ, ರಜೆ ಇಲ್ಲದೆ.

ಇದು ನಮ್ಮ ಮನೆಯ ವಿಶೇಷ ಅಲ್ಲ. ಈ ನೋವು ಊರಿಗೆ ನೂರು ಜನರಿದ್ರೆ ಒಬ್ಬರಿಂದ ಮೂವರಿಗೆ ಇರುತ್ತೆ, ಅದೂ ಹೆಚ್ಚಾಗಿ ಮೂವತ್ತೈದರಿಂದ ಐವತ್ತೈದರ ನಡುವೆ, ಅದೂ ಹೆಚ್ಚಾಗಿ ಕೈಯಲ್ಲಿ ದುಡಿಯೋರಿಗೆ. ರಾಕೆಟ್ ಹಿಡಿದವರು ಅದರಲ್ಲಿ ಸಣ್ಣ ಪಾಲು.

ಅವ್ವ ಸುಮ್ಮನೆ ಕೂತಿರಲಿಲ್ಲ. ಮೊದಲ ವರ್ಷ ಒಂದು ಕ್ಲಿನಿಕ್‌ಗೆ ಹೋಗಿ ಮೊಣಕೈಗೆ ಸೂಜಿ ಹಾಕಿಸಿಕೊಂಡಿದ್ಲು. "ಹಾಕಿದ್ ಮೂರನೇ ದಿನಕ್ಕೆ ಹೂ ಎತ್ತಿದಂಗಾತು" ಅಂತ ಹೇಳಿದ್ಲು. ಎರಡು ತಿಂಗಳಿಗೆ ನೋವು ತಿರುಗಿ ಬಂತು. ಇನ್ನೊಂದು ಸೂಜಿ. ಅದು ಒಂದೂವರೆ ತಿಂಗಳು. ಮೂರನೇದಕ್ಕೆ ಹೋಗಬೇಕು ಅಂತ ದುಡ್ಡು ಕೂಡಿಡ್ತಾ ಇದ್ಲು.

ಆ ಸೂಜಿ ಸ್ಟೀರಾಯ್ಡ್. ಅದರ ಬಗ್ಗೆ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಒಂದು ಒಳ್ಳೇ ಅಧ್ಯಯನ ಆಗಿದೆ, 2006ರಲ್ಲಿ ಪ್ರಕಟ ಆಯ್ತು. ಟೆನಿಸ್ ಎಲ್ಬೋ ಇದ್ದ 198 ಜನರನ್ನ ಮೂರು ಗುಂಪು ಮಾಡಿದ್ರು. ಒಂದು ಗುಂಪಿಗೆ ಸೂಜಿ, ಒಂದಕ್ಕೆ ವ್ಯಾಯಾಮ ಮತ್ತು ಕೈಯಿಂದ ಮಾಡೋ ಫಿಸಿಯೋ ಚಿಕಿತ್ಸೆ, ಇನ್ನೊಂದಕ್ಕೆ ಬರೀ ತಿಳಿವಳಿಕೆ ಹೇಳಿ ಕಾಯಿಸಿದ್ರು. ಆರು ವಾರಕ್ಕೆ ನೋಡಿದ್ರೆ ಸೂಜಿಯವರೇ ಎಲ್ಲರಿಗಿಂತ ಮುಂದೆ. ಆದ್ರೆ ಹಾಗೆ ಆರಾಮಾದ 65 ಜನರಲ್ಲಿ 47 ಮಂದಿಗೆ ಆಮೇಲೆ ನೋವು ಮರುಕಳಿಸಿತು. ಒಂದು ವರ್ಷಕ್ಕೆ ನೋಡಿದಾಗ ಸೂಜಿಯವರು ಹಿಂದೆ, ವ್ಯಾಯಾಮದವರೂ ಸುಮ್ಮನೆ ಕಾದವರೂ ಹೆಚ್ಚುಕಮ್ಮಿ ಒಂದೇ ಕಡೆ ಮುಂದೆ. ಅವ್ವನ ಕೈಗೆ ಆದದ್ದೂ ಆ 47 ಜನರಿಗೆ ಆದದ್ದೂ ಒಂದೇ. ಲೆಕ್ಕ ಹೇಳಿದಾಗ ಅವ್ವ ಕೇಳಿದ ಪ್ರಶ್ನೆ ಮಾತ್ರ ಯಾವ ಅಧ್ಯಯನದಲ್ಲೂ ಇರಲಿಲ್ಲ: "ಕಾದೋರು ಎಮ್ಮೆ ಹಿಂಡ್ತಿದ್ರೇನು?"

ಅಲ್ಲಿದೆ ನೋಡಿ ವಿಷಯ. ಮೊಣಕೈ ನೋವಿಗೆ ಎಲ್ಲರೂ ಮೊದಲು ಹೇಳೋ ಮಾತು 'ರೆಸ್ಟ್ ತಗೊಳ್ಳಿ'. ನನಗೆ ರೆಸ್ಟ್ ಅಂದ್ರೆ ಸಂಜೆ ಎರಡು ಗಂಟೆ ಖುರ್ಚಿ ಮೇಲೆ ಕೂತು ಹುಡುಗರ ಆಟ ನೋಡೋದು. ಅವ್ವಗೆ ರೆಸ್ಟ್ ಅಂದ್ರೆ ಎಮ್ಮೆ ಮಾರೋದು. ಡೇರಿಗೆ ಹಾಕೋ ಹಾಲಿನ ದುಡ್ಡು ಆ ಮನೆಯಲ್ಲಿ ಅವಳ ಕೈಗೆ ಬರೋ ಒಂದೇ ದುಡ್ಡು, ಯಾರನ್ನೂ ಕೇಳದೆ ಖರ್ಚು ಮಾಡೋದು. ಮಗ ಬೆಂಗಳೂರಿಂದ ಕಳಿಸೋದು ಬೇರೆ, ಅದು ಬೇರೆ. "ನಾನ್ ಕೊಡ್ತೀನಿ, ಎಮ್ಮೆ ಬಿಡು ಅವ್ವ" ಅಂದ್ರೆ ಮುಖ ತಿರುಗಿಸಿಕೊಂಡು ಹೋಗ್ತಾಳೆ. ಅಪ್ಪ ಒಂದು ಸಲ ಬಕೆಟ್ ಹಿಡಿದು ಕೂತ. ಎಮ್ಮೆ ತಿರುಗಿ ನೋಡಿ, ಸೊರ ಬಿಡಲಿಲ್ಲ. ಹದಿನೈದು ನಿಮಿಷಕ್ಕೆ ಬಕೆಟ್ ತಳ ಮುಚ್ಚುವಷ್ಟು ಹಾಲು.

ಮುಂದಿನ ಸಲ ದಾವಣಗೆರೆಗೆ ಹೋಗುವಾಗ ಅವ್ವನನ್ನೂ ಹಿಂದೆ ಕೂರಿಸಿಕೊಂಡು ಹೋದೆ. ಫಿಸಿಯೋ ಅದೇ ಪರೀಕ್ಷೆ ಮಾಡಿದ್ರು. ಕುತ್ತಿಗೆ ತಿರುಗಿಸಿ ನೋಡಿದ್ರು, ಕೆಲವು ಸಲ ಕುತ್ತಿಗೆ ನರದ ನೋವು ಮೊಣಕೈಗೆ ಇಳಿಯುತ್ತಂತೆ. ಅದಿರಲಿಲ್ಲ. ಆಮೇಲೆ ಒಂದು ಮಾತು ಹೇಳಿದ್ರು: "ಅಮ್ಮ, ಕೆಲಸ ನಿಲ್ಲಿಸಿ ಅಂತ ಹೇಳಲ್ಲ. ಈ ಹುರಿ ಸುಮ್ಮನೆ ಕೂತ್ರೆ ಇನ್ನಷ್ಟು ಮೆತ್ತಗಾಗುತ್ತೆ. ಕೆಲಸ ಕೊಡಬೇಕು, ಅದು ತಡೆಯೋಷ್ಟು. ಜಾಸ್ತಿ ಆಗೋ ಕಡೆ ಹಿಡಿಯೋ ರೀತಿ ಬದಲಾಯಿಸಿ."

ನನಗೆ ತಕ್ಷಣ ಅರ್ಥ ಆಯ್ತು. ಹೊಸ ಸರ್ವರ್ ಮೇಲೆ ನಾವು ಒಂದೇ ಸಲ ಎಲ್ಲ ಬಳಕೆದಾರರನ್ನೂ ಬಿಡಲ್ಲ. ನೂರಕ್ಕೆ ಐದು, ಆಮೇಲೆ ಹತ್ತು, ಆಮೇಲೆ ಇಪ್ಪತ್ತೈದು. ಪ್ರತಿ ಸಲ ಏರಿಸಿ, ಗ್ರಾಫ್ ನೋಡಿ, ಮುಂದಕ್ಕೆ ಹೋಗ್ತೀವಿ. ಅವ್ವಗೂ ಅರ್ಥ ಆಯ್ತು, ಆದ್ರೆ ಅವಳ ಲೆಕ್ಕ ಬೇರೆ: "ಹೊಸ ಎತ್ತಿಗೆ ಮೊದಲ ದಿನಾನೇ ಪೂರಾ ಹೊಲ ಹೂಡ್ತಾರೇನು?"

ಅವರು ಕೊಟ್ಟ ವ್ಯಾಯಾಮ ಹೇಳ್ತೀನಿ, ಯಂತ್ರ ಗಿಂತ್ರ ಏನೂ ಬೇಡ. ಅರ್ಧ ಲೀಟರ್ ನೀರಿನ ಬಾಟಲಿ ಸಾಕು, ತುಂಬಿದ್ರೆ ಅರ್ಧ ಕೆಜಿ. ಮುಂಗೈಯನ್ನ ಮೇಜಿನ ಮೇಲೆ ಇಟ್ಟು, ಅಂಗೈ ಕೆಳಗೆ ಮಾಡಿ, ಮಣಿಕಟ್ಟು ಅಂಚಿನಿಂದ ಹೊರಗೆ ಬರೋ ಹಾಗೆ ಬಾಟಲಿ ಹಿಡಿಯೋದು. ಎಡಗೈಯಿಂದ ಬಲ ಮಣಿಕಟ್ಟನ್ನ ಮೇಲಕ್ಕೆತ್ತೋದು. ಆಮೇಲೆ ಎಡಗೈ ಬಿಟ್ಟು, ಬಲಗೈ ಒಂದೇ ನಾಲ್ಕು ಎಣಿಸೋ ತನಕ ನಿಧಾನಕ್ಕೆ ಇಳಿಸೋದು. ಗುಟ್ಟು ಇಳಿಸೋದರಲ್ಲಿದೆ, ಎತ್ತೋದರಲ್ಲಲ್ಲ. ಹದಿನೈದರ ಮೂರು ಸುತ್ತು, ನಡುವೆ ಒಂದು ನಿಮಿಷ ಬಿಡುವು. ನೋವು ತೀರಾ ಹೆಚ್ಚಿರೋ ಮೊದಲ ವಾರಗಳಲ್ಲಿ ಇಳಿಸೋದೂ ಬೇಡ, ಮಣಿಕಟ್ಟು ನೇರ ಇಟ್ಟು ಬಾಟಲಿ ಹಿಡಿದು ಮೂವತ್ತು ನಲವತ್ತು ಸೆಕೆಂಡು ಹಾಗೇ ನಿಲ್ಲಿಸೋದು, ಅದೂ ಸಾಕು.

ನೋವಿನ ನಿಯಮ ಒಂದಿದೆ. ಹತ್ತಕ್ಕೆ ಮೂರು ನಾಲ್ಕರಷ್ಟು ನೋವಾದ್ರೆ ಪರವಾಗಿಲ್ಲ, ಮುಂದುವರಿಸಿ. ಆದ್ರೆ ಮರುದಿನ ಬೆಳಿಗ್ಗೆ ಎದ್ದಾಗ ನಿನ್ನೆಗಿಂತ ಹೆಚ್ಚಿದ್ರೆ ಭಾರ ಇಳಿಸಿ. ಬೆಳಗಿನ ಕೈಯೇ ಗ್ರಾಫ್. ಅವ್ವ ಇದನ್ನ ತಂಬಿಗೆಯಿಂದ ಅಳೀತಾಳೆ. ಬೆಳಿಗ್ಗೆ ತುಂಬಿದ ತಂಬಿಗೆ ಎತ್ತಿ, "ಇವತ್ತು ಪರವಾಗಿಲ್ಲ" ಅಥವಾ "ಇವತ್ತು ರೊಟ್ಟಿ ಬ್ಯಾಡ, ಅನ್ನ" ಅಂತ ತೀರ್ಮಾನ ಕೊಡ್ತಾಳೆ.

ಹಿಡಿಯೋ ರೀತಿಯಲ್ಲಿ ಬದಲಾದದ್ದು ನಾಲ್ಕು. ಒಂದು, ಭಾರ ಎತ್ತೋದು ಅಂಗೈ ಮೇಲೆ ಮಾಡಿ, ಮೊಣಕೈ ಮೈಗೆ ಹತ್ತಿರ ಇಟ್ಟುಕೊಂಡು. ಅಂಗೈ ಕೆಳಗೆ ಮಾಡಿ, ಕೈ ಚಾಚಿ ಎತ್ತಿದ್ರೆ ಅರ್ಧ ಕೆಜಿಯೂ ಆ ಹುರಿಗೆ ಮೂಟೆ. ಎರಡು, ಬಟ್ಟೆ ಹಿಂಡೋದು ಬಿಟ್ಟು ನೀರು ಸೋರೋಕೆ ಹಗ್ಗದ ಮೇಲೆ ಹಾಗೇ ಹಾಕೋದು, ಬಿಸಿಲಿಗೇನೂ ಬರ ಇಲ್ಲ ನಮ್ಮ ಕಡೆ. ಮೂರು, ಬೆಲ್ಟು. ಮೊಣಕೈಯಿಂದ ಎರಡು ಮೂರು ಬೆರಳು ಕೆಳಗೆ ಕಟ್ಟೋ ಅಗಲ ಪಟ್ಟಿ, ಕೆಲಸದ ಹೊತ್ತಲ್ಲಿ ಮಾತ್ರ. ಅದು ಎಳೆತವನ್ನ ಮೂಳೆಗೆ ಮುಟ್ಟೋ ಮುಂಚೆ ಸ್ವಲ್ಪ ಹಂಚುತ್ತೆ, ವಾಸಿ ಏನೂ ಮಾಡಲ್ಲ.

ನಾಲ್ಕನೇದು ಹಾಲು ಹಿಂಡೋದು, ಅದರಲ್ಲಿ ಜಗಳವೇ ಆಯ್ತು. ಅವ್ವ ಹೆಬ್ಬೆರಳು ಒಳಗೆ ಮಡಚಿ, ಅದರ ಗೆಣ್ಣಿಗೆ ಮೊಲೆ ಒತ್ತಿ ಎಳೀತಾಳೆ. ನಮ್ಮ ಅಜ್ಜಿ ಕಲಿಸಿದ್ದು ಹಾಗೇ. ಪಶು ವೈದ್ಯರು ಬಹಳ ಕಾಲದಿಂದ ಹೇಳೋದು ಪೂರ್ತಿ ಅಂಗೈಯಿಂದ ಹಿಡಿದು, ಮೇಲಿಂದ ಕೆಳಕ್ಕೆ ಬೆರಳು ಒಂದೊಂದಾಗಿ ಒತ್ತೋ ಪದ್ಧತಿ. ಕೆಚ್ಚಲಿಗೂ ಒಳ್ಳೇದು, ಕೈಗೂ ಎಳೆತ ಕಮ್ಮಿ. "ನಲವತ್ತು ವರ್ಷ ಹಿಂಡಿದೀನಿ, ಈಗ ನೀನ್ ಕಲಿಸ್ತೀಯೇನೋ" ಅಂತ ಅವ್ವ. ಅದೇ ವಾರ ನಾನು ಚೆಂಡನ್ನ ಅಂಗೈಯಿಂದ ಬಿಡಿಸಿ ಬೆರಳಿಗೆ ತಂದುಕೊಳ್ಳೋಕೆ ಒದ್ದಾಡ್ತಿದ್ದೆ. ತೋರುಬೆರಳು, ಮಧ್ಯದ ಬೆರಳು ಮೇಲೆ, ಹೆಬ್ಬೆರಳ ಬದಿ ಕೆಳಗೆ, ಚೆಂಡಿಗೂ ಅಂಗೈಗೂ ನಡುವೆ ಗಾಳಿ ಆಡೋಷ್ಟು ಜಾಗ. ಬೌಲಿಂಗ್ ಕಲಿಯೋರಿಗೆ ಮೊದಲ ದಿನ ಹೇಳೋ ಪಾಠ ಅದು. ನಾನು ಪಡಸಾಲೆಯಲ್ಲಿ ಚೆಂಡು ಹಿಡಿದು ಅಭ್ಯಾಸ ಮಾಡೋದನ್ನ ನೋಡಿ ಅವ್ವ, "ನಿಂದೂ ಹಿಡಿಯೋದೇ ತಪ್ಪಿತ್ತಾ?" ಅಂತ ನಕ್ಕು, ಮರುದಿನದಿಂದ ನಾಲ್ಕರಲ್ಲಿ ಎರಡು ಮೊಲೆ ಹೊಸ ರೀತಿ, ಎರಡು ಹಳೇ ರೀತಿ ಹಿಂಡೋಕೆ ಶುರು ಮಾಡಿದ್ಲು. ಎಮ್ಮೆ ತಕರಾರು ಮಾಡಲಿಲ್ಲ.

ಬೌಲಿಂಗ್‌ಗೆ ನಾನು ಲೆಕ್ಕ ಇಟ್ಟೆ. ಮೊದಲ ಎರಡು ವಾರ ಚೆಂಡು ಇಲ್ಲ, ಬಾಟಲಿ ಮಾತ್ರ. ಮೂರನೇ ವಾರದಿಂದ ದಿನ ಬಿಟ್ಟು ದಿನ 12 ಎಸೆತ, ಪೂರ್ತಿ ಓಡದೆ ನಿಂತಲ್ಲಿಂದ. ಆಮೇಲೆ 18. ಆಮೇಲೆ 24. ವೇಗದ ಬೌಲರ್‌ಗಳ ವಿಷಯದಲ್ಲಿ ಕ್ರಿಕೆಟ್ ಮಂಡಳಿಗಳು ಈಗ ಎಸೆತ ಎಣಿಸೋದೂ ಇದಕ್ಕೇ. ಒಟ್ಟು ಎಷ್ಟು ಹಾಕಿದ ಅನ್ನೋದಕ್ಕಿಂತ, ಹಿಂದಿನ ವಾರಗಳ ರೂಢಿಗಿಂತ ಈ ವಾರ ಎಷ್ಟು ಏಕಾಏಕಿ ಜಾಸ್ತಿ ಹಾಕಿದ ಅನ್ನೋದು ಅಪಾಯ. ಬೌಂಡರಿಯಲ್ಲಿ ನಿಲ್ಲೋದು ಬಿಟ್ಟೆ, ಸ್ಲಿಪ್‌ನಲ್ಲಿ ನಿಲ್ತೀನಿ, ಥ್ರೋ ಇಲ್ಲ. ಮೌಸ್ ಎಡಗೈಗೆ ಹೋಯ್ತು. ಒಂದು ವಾರ ಕೋಡ್ ಎಲ್ಲ ಎಡಗೈಯ ಅಕ್ಷರದ ಹಾಗೆ ಕಂಡಿತು, ಆಮೇಲೆ ಸರಿ ಆಯ್ತು.

ಎಲ್ಲಾ ಮೊಣಕೈ ನೋವೂ ಇದಲ್ಲ ಅನ್ನೋದನ್ನೂ ಹೇಳಿಬಿಡ್ತೀನಿ. ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿದ್ರೆ ಅದು ನರದ ವಿಷಯ. ಮೊಣಕೈ ಊದಿಕೊಂಡು ಬಿಸಿಯಾದ್ರೆ, ಪೂರ್ತಿ ಚಾಚೋಕೆ ಆಗದೆ ಸಿಕ್ಕಿಹಾಕಿಕೊಂಡ್ರೆ, ಬಿದ್ದು ಪೆಟ್ಟಾದ ಮೇಲೆ ನೋವು ಬಂದ್ರೆ, ರಾತ್ರಿ ನಿದ್ದೆಯಲ್ಲೂ ಕೊರೀತಿದ್ರೆ, ಬಾಟಲಿ ಹಿಡ್ಕೊಂಡು ಕೂರಬೇಡಿ, ಮೂಳೆ ಡಾಕ್ಟರ ಹತ್ತಿರ ಹೋಗಿ. ಹದಿನಾರರ ಒಳಗಿನ ಹುಡುಗರಿಗೆ ಒಳಮಗ್ಗುಲು ನೋವು ಬಂದ್ರೆ ಅವತ್ತೇ ಆಟ ನಿಲ್ಲಿಸಿ ತೋರಿಸಬೇಕು. ಅವರ ಮೂಳೆಯ ಬೆಳೆಯೋ ಭಾಗ ಇನ್ನೂ ಗಟ್ಟಿಯಾಗಿರಲ್ಲ, ಟೆಂಡನ್‌ಗಿಂತ ಮೊದಲು ಅದು ಕಿತ್ತುಬರುತ್ತೆ. ನಮ್ಮ ಗ್ರೌಂಡಿನಲ್ಲಿ ಸ್ಪ್ರೇ ಹೊಡ್ಕೊಂಡು ಆಡೋ ಎಂಟನೇ ಕ್ಲಾಸಿನ ಇಬ್ಬರಿಗೆ ಇದನ್ನ ಹೇಳಿದೆ. ಒಬ್ಬ ಹೋಗಿ ತೋರಿಸಿ ಬಂದ. ಇನ್ನೊಬ್ಬನ ಹಿಂದೆ ಬಿದ್ದಿದೀನಿ.

ಈ ಗ್ರೌಂಡಿನ ಹುಡುಗರು ನೋವಿನ ಮಾತು ಬಂದಾಗೆಲ್ಲ ಚಂದ್ರಶೇಖರ್ ಕಥೆ ಎತ್ತುತಾರೆ. ನಾನೇ ಹೇಳಿದ್ದು ಅವರಿಗೆ. ಮೈಸೂರಿನ ಬಿ.ಎಸ್. ಚಂದ್ರಶೇಖರ್‌ಗೆ ಚಿಕ್ಕಂದಿನಲ್ಲಿ ಪೋಲಿಯೋ ಬಂದು ಬಲಗೈ ಸಣಕಲಾಯ್ತು. ಆ ಕೈಯಲ್ಲೇ ಬೌಲ್ ಮಾಡಿ 58 ಟೆಸ್ಟ್‌ನಲ್ಲಿ 242 ವಿಕೆಟ್ ತೆಗೆದ್ರು, 1971ರಲ್ಲಿ ಓವಲ್‌ನಲ್ಲಿ 38 ರನ್‌ಗೆ 6 ವಿಕೆಟ್ ಕಿತ್ತು ಇಂಗ್ಲೆಂಡ್ ನೆಲದಲ್ಲಿ ಭಾರತಕ್ಕೆ ಮೊದಲ ಸರಣಿ ಗೆಲ್ಲಿಸಿಕೊಟ್ರು. ಹುಡುಗರು ಇದರಿಂದ ತಗೊಂಡ ನೀತಿ: ನೋವಿದ್ರೂ ಆಡಬೇಕು. ನನಗೆ ಆ ಕಥೆಯಲ್ಲಿ ಇಷ್ಟ ಆಗೋದು ಇನ್ನೊಂದು ವಿಷಯ. ಫೀಲ್ಡಿಂಗ್ ಮಾಡುವಾಗ ಚಂದ್ರ ಚೆಂಡು ಎಸೀತಿದ್ದದ್ದು ಎಡಗೈಯಿಂದ. ಬಲಗೈಗೆ ಬೌಲಿಂಗ್ ಮಾತ್ರ, ಮಿಕ್ಕಿದ್ದು ಎಡಗೈಗೆ. ಯಾವ ಕೈಗೆ ಯಾವ ಕೆಲಸ ಅಂತ ಹಂಚಿಕೊಂಡು ಹದಿನೈದು ವರ್ಷ ಆಡಿದ್ರು.

ನಮ್ಮ ಮನೆಯಲ್ಲೂ ಈಗ ಹಂಚಿಕೆ ನಡೀತಿದೆ. ಐದು ತಿಂಗಳಾಯ್ತು. ನನಗೆ ನೋವು ಬಹಳಷ್ಟು ಇಳಿದಿದೆ, ಸಂಜೆಗೆ ನಾಲ್ಕು ಓವರ್ ಹಾಕ್ತೀನಿ. ಅವ್ವನದು ನನ್ನಷ್ಟು ಬೇಗ ಇಳೀತಿಲ್ಲ. ಎರಡು ವರ್ಷದ ಹಳೇ ನೋವು, ಎರಡು ಸೂಜಿ ಕಂಡ ಹುರಿ, ರಜೆ ಇಲ್ಲದ ಕೈ. ಫಿಸಿಯೋ ಒಂದು ವರ್ಷ ಅಂತ ಲೆಕ್ಕ ಇಟ್ಕೊಳ್ಳಿ ಅಂದಿದಾರೆ. ಮೂರನೇ ಸೂಜಿಗೆ ಕೂಡಿಟ್ಟ ದುಡ್ಡಲ್ಲಿ ಹಿಟ್ಟು ನಾದೋಕೆ ಮಿಷನ್ ತರಲಾ ಅಂತ ಕೇಳಿದ್ದಕ್ಕೆ ಬೇಡ ಅಂದಿದಾಳೆ. ರೊಟ್ಟಿ ವಾರಕ್ಕೆ ಮೂರು ದಿನ ಆಗಿದೆ, ನಾಲ್ಕು ದಿನ ಮುದ್ದೆ ಇಲ್ಲ ಅನ್ನ. ಮುದ್ದೆ ತಿರುವೋದು ಅಪ್ಪನ ಕೆಲಸ. ಮೊದಲ ವಾರ ಗಂಟು ಗಂಟಾಗಿತ್ತು, ಈಗ ಪರವಾಗಿಲ್ಲ.

ಎಮ್ಮೆ ಹತ್ತಿರ ಅಪ್ಪ ದಿನಾ ಸಂಜೆ ಅವ್ವನ ಪಕ್ಕ ಹೋಗಿ ಕೂರ್ತಾನೆ. ಅವ್ವ ಸೊರ ಬಿಡಿಸಿ ಎರಡು ಮೊಲೆ ಹಿಂಡಿ ಕೊಟ್ಟ ಮೇಲೆ ಉಳಿದ ಎರಡು ಅಪ್ಪಂದು. ಮೊನ್ನೆ ಫೋನ್ ಮಾಡಿದಾಗ ಹೇಳಿದ: "ಇವತ್ತು ಮುಕ್ಕಾಲು ಲೀಟರ್ ಹಿಂಡಿದೆ ಕಣಪ. ಎಮ್ಮೆ ಒದೀಲಿಲ್ಲ." ಹಿಂದೆ ಅವ್ವನ ದನಿ ಕೇಳಿಸ್ತು: "ಡೇರಿ ದುಡ್ಡು ಮಾತ್ರ ನಂದೇ ಅಂತ ಹೇಳು ಅವನಿಗೆ."